ಗುಡ್ಡ ಯಾರದು, ಬಾವಿಯ ನೀರು ಯಾರದು?

ಕಪ್ಪತಗುಡ್ಡದ ಮೇಲೆ ಬಿದ್ದ ಮಳೆಗೂ ಬೆಟಗೇರಿಯ ನೇಕಾರನ ಕೊಡಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮ ಊರಿನಲ್ಲಿ ಬಹಳ ಜನರಿದ್ದಾರೆ. ಕೇಳುವವರೆಲ್ಲ ದುಷ್ಟರೆಂದು ನಾವು ಹೇಳುವುದಿಲ್ಲ. ಮೊನ್ನೆ ಒಂದು ಚಹದಂಗಡಿಯಲ್ಲಿ ಗುಡ್ಡದ ಮಾತು ಬಂದಾಗ ಅಂಗಡಿಯ ಮಾಲಕರು ನಮ್ಮನ್ನು ನೇರವಾಗಿಯೆ ಕೇಳಿದರು: “ಮಾಸ್ತರ್ರ, ಗುಡ್ಡದಾಗ ಮಳಿ ಬಂದ್ರ ನಮಗೇನ್ ಬಂತ್ರೀ? ನಮಗ ನಳಾ ಬಂದ್ರ ಸಾಕು.” ಜಿನ್ನಿಂಗ್ ಗಿರಣಿಯ ಪಾಳಿ ಮುಗಿಸಿ ಬಂದು ಕುಳಿತ ನಾಲ್ಕಾರು ಜನ ಹೌದೆಂದು ತಲೆ ಹಾಕಿದರು. ನಳ ಹದಿನೈದು ದಿನಕ್ಕೊಮ್ಮೆ ಬಂದ ಬೇಸಿಗೆಗಳನ್ನು ಕಂಡ ಜನರ ಬಾಯಲ್ಲಿ ಇದು ಬಿಟ್ಟು ಬೇರೆ ಮಾತು ಬರುವುದಾದರೂ ಹೇಗೆ?

ಆದರೆ ಇದೇ ಪ್ರಶ್ನೆಯನ್ನು ಬೇರೊಂದು ಬಾಯಿಯೂ ಕೇಳುತ್ತದೆ. ಅದು ಗುಡ್ಡದಲ್ಲಿ ಗಣಿ ತೋಡಬೇಕೆನ್ನುವವರ ಬಾಯಿ, ಗುಡ್ಡದ ಬುಡದಲ್ಲಿ ಕಲ್ಲು ಒಡೆದು ಮಾರುವವರ ಬಾಯಿ, ಬುಡದ ಗರಸು ನೆಲವನ್ನು ನಿವೇಶನಗಳಾಗಿ ಹರಿದು ಹಂಚುವವರ ಬಾಯಿ. ಚಹದಂಗಡಿಯವರು ಅರಿಯದೆ ಕೇಳುತ್ತಾರೆ, ಇವರು ಅರಿತೇ ಕೇಳುತ್ತಾರೆ. ಗುಡ್ಡಕ್ಕೂ ನಿಮಗೂ ಸಂಬಂಧವಿಲ್ಲವೆಂದು ನಗರದ ದುಡಿಯುವ ಜನ ಒಮ್ಮೆ ನಂಬಿಬಿಟ್ಟರೆ ಇವರ ಅರ್ಧ ಕೆಲಸ ಮುಗಿದಂತೆ. ಆ ಸಂಬಂಧವನ್ನು ಲೆಕ್ಕ ಹಾಕಿ ತೋರಿಸುವುದಕ್ಕಾಗಿಯೆ ಈ ವಾರ ಈ ಅಂಕಣವನ್ನು ಪೂರ್ತಿ ತೆಗೆದುಕೊಂಡಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಕಲಿಸುತ್ತಿದ್ದಾಗ ನಾವು ಮಕ್ಕಳಿಗೆ ಹಲಗೆಯ ಮೇಲೆ ನೀರಿನ ಚಕ್ರದ ಚಿತ್ರ ಬರೆಯುತ್ತಿದ್ದೆವು. ಸಮುದ್ರದಿಂದ ಮೋಡಕ್ಕೆ ಒಂದು ಬಾಣ, ಮೋಡದಿಂದ ಗುಡ್ಡಕ್ಕೆ ಒಂದು ಬಾಣ, ಗುಡ್ಡದಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಒಂದೊಂದು ಬಾಣ. ಗುಡ್ಡದ ಬುಡದಲ್ಲಿ ನೆಲದೊಳಕ್ಕೆ ಇಳಿಯುವ ಬಾಣವನ್ನು ಮಾತ್ರ ಒಂದು ದಿನವೂ ಬರೆಸಲಿಲ್ಲ. ಗದಗಿನಂಥ ನಾಡಿನಲ್ಲಿ ಮನುಷ್ಯನ ಬಾಯಿಗೆ ನೀರು ತಲುಪಿಸಿದ ಬಾಣ ಅದೇ. ನಮ್ಮ ಕೈಯಲ್ಲಿ ಕಲಿತು ಇಂದು ಓವರ್ಸಿಯರ್ ಆದವರೂ ಗುತ್ತಿಗೆದಾರರಾದವರೂ ಇದ್ದಾರೆ. ಆ ಬಾಣ ಅವರ ನಕಾಶೆಯಲ್ಲಿ ಇಲ್ಲದಿದ್ದರೆ ತಪ್ಪಿನ ಒಂದು ಪಾಲು ನಮ್ಮದು.

ಆ ಬಾಣದ ಕಥೆ ಇಷ್ಟು. ಗುಡ್ಡದ ಮೇಲೆ ಮಳೆ ಬೀಳುತ್ತದೆ. ಹುಲ್ಲು, ಕುರುಚಲು, ಗಿಡದ ಎಲೆ, ಕೆಳಗೆ ಬಿದ್ದ ತರಗು, ಇವು ಹನಿಯ ಪೆಟ್ಟನ್ನು ತಡೆಯುತ್ತವೆ. ಒಂದಿಷ್ಟು ನೀರು ಅಲ್ಲೇ ತೆಳುಮಣ್ಣಿನಲ್ಲಿ ಇಂಗಿ, ಕಲ್ಲಿನ ಸೀಳುಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಯುತ್ತದೆ. ಉಳಿದದ್ದು ಕೊರಕಲು ಕೊರಕಲಾಗಿ ಹರಿದು ಹಳ್ಳ ಸೇರುತ್ತದೆ. ಇಳಿಜಾರು ಕಡಿದಾಗಿರುವಷ್ಟು ಹೊತ್ತು ಹಳ್ಳ ಓಡುತ್ತದೆ, ಕಲ್ಲನ್ನೂ ಉರುಳಿಸುತ್ತದೆ. ಬುಡಕ್ಕೆ ಬಂದು ಇಳಿಜಾರು ತಗ್ಗಿದೊಡನೆ ಅದರ ಕಸುವು ಕುಂದುತ್ತದೆ. ಹೊತ್ತು ತಂದ ಭಾರವನ್ನು ಅಲ್ಲೇ ಚೆಲ್ಲುತ್ತದೆ: ಮೊದಲು ದಪ್ಪ ಕಲ್ಲು, ಮುಂದೆ ಗರಸು, ಅದರ ಮುಂದೆ ಉಸುಕು. ಸಾವಿರಾರು ವರ್ಷ ಹೀಗೆ ಚೆಲ್ಲಿ ಚೆಲ್ಲಿ ಗುಡ್ಡದ ಸುತ್ತ ಒಂದು ಗರಸಿನ ಪಟ್ಟಿ ಬೆಳೆದಿದೆ. ಆ ಪಟ್ಟಿಯೆ ನೀರು ಕುಡಿಯುವ ಬಾಯಿ. ಹಳ್ಳ ಅದರ ಮೇಲೆ ಹಾದುಹೋಗುವಾಗ ನೆಲ ಕುಡಿಯುತ್ತದೆ, ಕುಡಿದದ್ದು ಒಳಗೊಳಗೆ ಸರಿದು ದೂರದ ಬಾವಿಗಳ ಸೆಲೆಯಾಗುತ್ತದೆ.

ಮುಂದಿನ ಬಯಲನ್ನು ನೋಡಿರಿ. ಅದು ಎರಿ ಭೂಮಿ. ಎರಿ ಮಣ್ಣಿನ ಗುಣ ರೈತರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ, ಮಳೆ ಬಿದ್ದು ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ತನ್ನ ಮೈಯಲ್ಲಿ ತೇವ ಹಿಡಿದುಕೊಂಡು ಜೋಳ, ಕಡಲೆ, ಹತ್ತಿ ಬೆಳೆಸುತ್ತದೆ ನಿಜ, ಆದರೆ ತನ್ನನ್ನು ದಾಟಿ ಕೆಳಕ್ಕೆ ನೀರು ಬಿಟ್ಟುಕೊಡುವುದರಲ್ಲಿ ಅದರಷ್ಟು ಜಿಪುಣ ಮಣ್ಣು ಮತ್ತೊಂದಿಲ್ಲ. ಕಾರಣ, ಎರಿಯ ಬಯಲಿನ ಅಂತರ್ಜಲಕ್ಕೆ ಗುಡ್ಡದ ಬುಡದ ಕೆಂಪು ಗರಸೇ ದೊಡ್ಡ ಹೆಬ್ಬಾಗಿಲು. ಆ ಬಾಗಿಲನ್ನು ಮುಚ್ಚಿ, ಬಯಲಿನಲ್ಲಿ ಎಷ್ಟು ಕೊಳವೆ ಬಾವಿ ಕೊರೆದರೂ ಅದು ಜಮೆಯಿಲ್ಲದ ಖಾತೆಯಿಂದ ಹಣ ತೆಗೆದಂತೆ.

ಇನ್ನು ಲೆಕ್ಕ. ಡಾ. ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ ಈ ದೇಶದ ಬಡವನ ದಿನದ ಆದಾಯ ಮೂರೇ ಆಣೆ ಎಂದು ಹೇಳಿ ಸರಕಾರದ ಬಾಯಿಂದ ಲೆಕ್ಕ ಹೊರಡಿಸಿದರು. ಅವರ ಪಕ್ಷದ ಪರಂಪರೆಯವರಾದ ನಾವು ನೀರಿಗೂ ಲೆಕ್ಕ ಕೇಳಲು ಕಲಿಯಬೇಕು. ಕಪ್ಪತಗುಡ್ಡದ ವನ್ಯಜೀವಿ ಧಾಮದ ವಿಸ್ತೀರ್ಣ 244 ಚದರ ಕಿಲೋಮೀಟರು. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರು. ಅಂದರೆ ಗುಡ್ಡದ ಮೇಲೆಲ್ಲ ಒಂದೇ ಮಿಲಿಮೀಟರು ಬಿದ್ದರೂ 24 ಕೋಟಿ 40 ಲಕ್ಷ ಲೀಟರು. ನಮ್ಮ ಕಡೆಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರು. ಗುಣಿಸಿ ನೋಡಿರಿ: 14,640 ಕೋಟಿ ಲೀಟರು. ಇದರಲ್ಲಿ ಬಿಸಿಲು ಹೀರುವುದುಂಟು, ಗಿಡಮರ ಕುಡಿಯುವುದುಂಟು, ಹರಿದು ತುಂಗಭದ್ರೆಗೆ ಹೋಗುವುದುಂಟು. ಕಲ್ಲು ನೆಲ, ನೂರಕ್ಕೆ ಐದೇ ಭಾಗ ಒಳಗಿಳಿಯಿತೆಂದು ಕೈ ಬಿಗಿ ಹಿಡಿದು ಲೆಕ್ಕ ಹಾಕೋಣ. 732 ಕೋಟಿ ಲೀಟರು ಆಯಿತು.

ಗದಗ-ಬೆಟಗೇರಿಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 1 ಲಕ್ಷ 72 ಸಾವಿರ. ತಲೆಗೆ ದಿನಕ್ಕೆ 100 ಲೀಟರಿನಂತೆ ಕೊಟ್ಟರೆ ವರ್ಷಕ್ಕೆ ಬೇಕಾಗುವುದು ಸುಮಾರು 628 ಕೋಟಿ ಲೀಟರು. ನೂರಕ್ಕೆ ಐದು ಭಾಗ ಇಂಗಿದ ನೀರೇ ಇಡೀ ಅವಳಿ ನಗರದ ವರ್ಷದ ನೀರಿಗಿಂತ ಹೆಚ್ಚು!

ಈ ನೀರೆಲ್ಲ ಗದಗಿನ ಬಾವಿಗೆ ಬಂದು ಸೇರುತ್ತದೆಂದು ನಾವು ಸುಳ್ಳು ಹೇಳುವುದಿಲ್ಲ. ಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ಮೂರೂ ಸೀಮೆಗಳಿಗೆ ಮೈಚಾಚಿ ಸಿಂಗಟಾಲೂರಿನ ಹೊಳೆಯ ದಂಡೆಯವರೆಗೆ ಹೋಗಿದೆ. ಅದರ ನೀರಿನ ಬಹುಭಾಗ ಡೋಣಿ, ಡಂಬಳ, ಕಡಕೋಳದಂಥ ಬುಡದ ಊರುಗಳ ಬಾವಿ ಕೆರೆಗಳ ಪಾಲು. ಹಾಗಾದರೆ ಪಟ್ಟಣದ ಗಿರಣಿ ಕಾರ್ಮಿಕನಿಗೆ ಅದರಿಂದ ಏನು ಎನ್ನುವಿರಾ? ಆ ಊರುಗಳ ಬಾವಿ ಬತ್ತಿದ ವರ್ಷ ಹೊಲದ ಕೂಲಿ ನಿಲ್ಲುತ್ತದೆ. ಕೂಲಿ ನಿಂತ ಜನ ಗಂಟುಮೂಟೆ ಕಟ್ಟಿಕೊಂಡು ಪಟ್ಟಣದ ನಿಲ್ದಾಣದಲ್ಲಿ ಇಳಿಯುತ್ತಾರೆ. ಗಿರಣಿಯ ಬಾಗಿಲಲ್ಲಿ ಹತ್ತು ಜನ ನಿಲ್ಲುವಲ್ಲಿ ಐವತ್ತು ಜನ ನಿಂತರೆ ನಿಮ್ಮ ಮಜೂರಿ ಏರುತ್ತದೆಯೋ ಇಳಿಯುತ್ತದೆಯೋ ನೀವೇ ಹೇಳಿರಿ. ಚಿಲ್ಲರೆ ವ್ಯಾಪಾರಸ್ಥರ ಮಾತಂತೂ ಇನ್ನೂ ಸ್ಪಷ್ಟ. ಸಂತೆಯ ದಿನ ಗದಗಿನ ಪೇಟೆಯಲ್ಲಿ ಕೊಡ, ಹಗ್ಗ, ಸೀರೆ, ಬೆಲ್ಲ ಕೊಳ್ಳುವವರು ಯಾರು? ಬಾವಿಯಲ್ಲಿ ನೀರಿದ್ದು ಒಂದು ಮಡಿ ಉಳ್ಳಾಗಡ್ಡಿ ಮೆಣಸಿನಕಾಯಿ ಬೆಳೆದ ರೈತನೆ ನಿಮ್ಮ ಗಿರಾಕಿ. ಅವನ ಬಾವಿಯೊಡನೆ ನಿಮ್ಮ ಗಲ್ಲಾಪೆಟ್ಟಿಗೆಯೂ ಬತ್ತುತ್ತದೆ. ಉದ್ರಿ ಪುಸ್ತಕ ಮಾತ್ರ ತುಂಬುತ್ತದೆ.

ಗುಡ್ಡದ ಬುಡದ ಊರೊಂದರಲ್ಲಿ ಹಿರಿಯರೊಬ್ಬರು ನಮಗೆ ಹೇಳಿದ ಮಾತು ಮರೆಯುವಂಥದಲ್ಲ. “ಮೊದಲ ಗುಡ್ಡದಾಗ ದೊಡ್ಡ ಮಳಿ ಆದ್ರ ಹದಿನೈದ ದಿವಸಕ್ಕ ಬಾವ್ಯಾಗ ನೀರು ಏರತಿತ್ರಿ. ಈಗ ಮಳಿ ಆದ ತಾಸಿಗೆ ಹಳ್ಳ ಬರತೈತಿ, ಮರುದಿವಸ ಹಳ್ಳಾನೂ ಇಲ್ಲ, ಬಾವ್ಯಾಗ ನೀರೂ ಇಲ್ಲ.” ಯಾವ ತಜ್ಞರ ವರದಿಯೂ ಇದಕ್ಕಿಂತ ಸರಿಯಾಗಿ ಹೇಳಲಾರದು. ಒಂದು ಸಂಜೆ 50 ಮಿಲಿಮೀಟರು ಹೊಡೆದರೆ ಗುಡ್ಡದ ಮೇಲೆ ಬೀಳುವುದು 1,220 ಕೋಟಿ ಲೀಟರು. ಗುಡ್ಡದ ಮೈಮೇಲೆ ಹುಲ್ಲಿದ್ದು, ಹಳ್ಳದಲ್ಲಿ ಉಸುಕಿದ್ದು, ಬುಡದಲ್ಲಿ ಗರಸು ತೆರೆದಿದ್ದರೆ ಆ ನೀರು ನಿಧಾನವಾಗಿ ನಡೆಯುತ್ತದೆ. ನಡೆಯುವ ನೀರು ಇಂಗುತ್ತದೆ, ಓಡುವ ನೀರು ಮಣ್ಣನ್ನೂ ಕಟ್ಟಿಕೊಂಡು ಹೋಗುತ್ತದೆ.

ಹಾಗಾದರೆ ನೀರನ್ನು ಓಡಿಸಿದವರು ಯಾರು? ಬಡವ ಒಲೆಗೆ ಕಟ್ಟಿಗೆ ತಂದ, ಕುರಿ ಮೇಯಿಸಿದ, ಆದುದರಿಂದ ಗುಡ್ಡ ಬೋಳಾಯಿತು ಎಂಬ ಉತ್ತರ ಕಚೇರಿಗಳಲ್ಲಿ ಸಿದ್ಧವಾಗಿರುತ್ತದೆ. ಕಡಿದದ್ದೂ ಮೇಯಿಸಿದ್ದೂ ಸುಳ್ಳಲ್ಲ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವ ಮೂರ್ಖತನವನ್ನು ನಾವು ಸಮರ್ಥಿಸುವುದೂ ಇಲ್ಲ. ಆದರೆ ತಲೆಹೊರೆ ಕಟ್ಟಿಗೆ ತಂದ ಮುದುಕಿಯ ಕುಡಗೋಲು ಮುಟ್ಟುವುದು ಗಿಡದ ಟೊಂಗೆಯನ್ನು, ಯಂತ್ರದ ಹಲ್ಲು ಮುಟ್ಟುವುದು ಗುಡ್ಡದ ಬೇರನ್ನು. ಹುಲ್ಲು ಎರಡು ಮಳೆಗಾಲದಲ್ಲಿ ಮರಳಿ ಚಿಗುರುತ್ತದೆ. ತೆಗೆದ ಗುಡ್ಡ ಯಾವ ಮಳೆಗೂ ಚಿಗುರುವುದಿಲ್ಲ.

ಗಣಿ ಏನು ಮಾಡುತ್ತದೆ? ಮೊದಲು ಮೇಲಿನ ಮಣ್ಣನ್ನೂ ಸವೆದ ಮೆತ್ತಗಿನ ಕಲ್ಲನ್ನೂ ಸುಲಿಯುತ್ತದೆ. ನೀರನ್ನು ಹಿಡಿದಿಡುವ ಚೀಲವೆ ಅದು. ಆಮೇಲೆ ನೀರಿನ ಮಟ್ಟಕ್ಕಿಂತ ಕೆಳಗೆ ಗುಂಡಿ ಇಳಿದರೆ ಸುತ್ತಲಿನ ಸೀಳುಗಳ ನೀರು ಗುಂಡಿಗೆ ಹರಿಯುತ್ತದೆ, ಅದನ್ನು ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರೆ. ಸುತ್ತಲಿನ ಬಾವಿಗಳು ಆಗ ಕೆಳಗಿಳಿಯುತ್ತವೆ. ಮೂರನೆಯದು ಎಲ್ಲಕ್ಕಿಂತ ಮೋಸದ್ದು, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಅಗೆದು ಗುಡ್ಡೆ ಹಾಕಿದ ನುಣುಪು ಮಣ್ಣು ಮಳೆಗೆ ಕರಗಿ ಹಳ್ಳಕ್ಕೆ ಬಂದು ಬುಡದ ಗರಸಿನ ಮೇಲೆ ಹಿಟ್ಟಿನ ಹಾಗೆ ಕೂಡುತ್ತದೆ. ಜರಡಿಯ ಕಣ್ಣಿಗೆ ಕಣಕ ಮೆತ್ತಿದರೆ ಜರಡಿ ಏನಾಗುತ್ತದೆಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಗರಸು ಇದ್ದಲ್ಲಿಯೆ ಇರುತ್ತದೆ, ಹಳ್ಳವೂ ಬರುತ್ತದೆ, ಆದರೆ ಹನಿ ಕೆಳಗೆ ಇಳಿಯುವುದಿಲ್ಲ. ಹಳ್ಳದ ಉಸುಕನ್ನು ಲಾರಿಗೆ ತುಂಬಿ ಸಾಗಿಸುವವರು ಇದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಾರೆ. ನೀರನ್ನು ಹಿಡಿದು ನಿಲ್ಲಿಸುವ ಅರಿವೆಯನ್ನೇ ಎತ್ತಿಕೊಂಡು ಹೋಗುತ್ತಾರೆ.

ಗಾಳಿಯಂತ್ರಗಳ ಬಗೆಗೂ ಒಂದು ಮಾತು. ಗಾಳಿಯಿಂದ ವಿದ್ಯುತ್ತು ಮಾಡುವುದಕ್ಕೆ ನಾವು ವಿರೋಧಿಗಳಲ್ಲ. ಆದರೆ ಗುಡ್ಡದ ನೆತ್ತಿಗೆ ಯಂತ್ರ ಸಾಗಿಸಲು ಕೊರೆದ ದಾರಿ ಪ್ರತಿ ಮಳೆಗೂ ಒಂದು ಕೊರಕಲಾಗುತ್ತದೆ. ಯಂತ್ರದ ಲಾಭ ಎಣಿಸಿಕೊಳ್ಳುವವರು ಆ ಕೊರಕಲಿಗೆ ಅಡ್ಡಗಟ್ಟೆ ಹಾಕುವ ಖರ್ಚನ್ನೂ ಎಣಿಸಬೇಡವೆ?

“ಗಣಿ ಬಂದರೆ ಕೆಲಸ ಬರುತ್ತದೆ” ಎಂಬ ಮಾತಿಗೆ ನಾವು ಕಿವುಡರಲ್ಲ. ಕೆಲಸವಿಲ್ಲದ ಮನೆಯ ಮುಂದೆ ನಿಂತು ಪರಿಸರದ ಪಾಠ ಹೇಳುವುದು ಹೊಟ್ಟೆ ತುಂಬಿದವರ ಚಟ. ಅದಕ್ಕಾಗಿಯೆ ಕಾರ್ಮಿಕ ಬಂಧುಗಳು ಕೋಲಾರ ಚಿನ್ನದ ಗಣಿಯನ್ನು ನೆನೆಯಬೇಕು. ನೂರಿಪ್ಪತ್ತು ವರ್ಷ ಆ ನೆಲದಿಂದ ಚಿನ್ನ ತೆಗೆದರು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿದರು. ಚಿನ್ನ ಹೋದಲ್ಲಿಗೆ ಹೋಯಿತು, ಕಾರ್ಮಿಕರ ಪಾಲಿಗೆ ಉಳಿದದ್ದು ಸಯನೈಡಿನ ಬೂದಿಗುಡ್ಡ. ಅಲ್ಲಿಯ ಮಕ್ಕಳು ಇಂದಿಗೂ ಕೂಲಿಗಾಗಿ ಬೆಳಗಿನ ಗಾಡಿ ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಕಪ್ಪತಗುಡ್ಡದಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲ ಕಂಪನಿಗಳು ಕಬಲಾಯತಕಟ್ಟಿಯ ಕಡೆಗೆ ಚಿನ್ನಕ್ಕಾಗಿ ತೋಡಿ, ಗಿಟ್ಟದೆ ಬಿಟ್ಟು ಹೋದವು. ಪಕ್ಕದ ಬಳ್ಳಾರಿಯ ಕಥೆ ಇನ್ನೂ ಹಸಿಯಾಗಿದೆ. ಅಲ್ಲಿ ಅದಿರು ಹೇಗೆ ಹೋಯಿತು, ಯಾರ ಮನೆ ತುಂಬಿತು ಎಂಬುದು 2011ರ ಲೋಕಾಯುಕ್ತ ವರದಿಯಲ್ಲಿ ಅಚ್ಚಾಗಿದೆ. ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟೇ ಗಣಿ ನಿಲ್ಲಿಸಬೇಕಾಯಿತು. ಗಣಿ ನಿಂತ ದಿನ ಧಣಿಗಳ ಮನೆಯ ಒಲೆ ಆರಲಿಲ್ಲ, ಲಾರಿಯ ಕ್ಲೀನರನ ಮನೆಯ ಒಲೆ ಆರಿತು. ಬಾವಿ ಕೊಡುವ ಕೆಲಸ ಮೊಮ್ಮಕ್ಕಳಿಗೂ ಇರುತ್ತದೆ, ಗಣಿ ಕೊಡುವ ಕೆಲಸ ಅದಿರು ಇರುವವರೆಗೆ. ಅದರಲ್ಲಿಯೂ ಈಗ ಯಂತ್ರಗಳೆ ಹೆಚ್ಚು, ಕೈಗಳು ಕಡಿಮೆ.

ಕಪ್ಪತಗುಡ್ಡ ಇಂದು ನಿಂತಿರುವುದು ಸರಕಾರದ ಕೃಪೆಯಿಂದಲ್ಲ. 2011ರಲ್ಲಿ ಹಳ್ಳಿಗುಡಿಯ ಸುತ್ತ ಉಕ್ಕಿನ ಕಾರ್ಖಾನೆಗೆಂದು ಸಾವಿರಾರು ಎಕರೆ ಹೊಲ ಕೇಳಿದಾಗ ರೈತರು ಬೀದಿಗಿಳಿದರು, ಸರಕಾರ ಹಿಂದೆ ಸರಿಯಿತು. 2015ರ ಡಿಸೆಂಬರಿನಲ್ಲಿ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರ 2016ರ ನವೆಂಬರಿನಲ್ಲಿ ತನ್ನ ಮಾತನ್ನು ತಾನೇ ನುಂಗಿತು. ಆಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2017ರ ಫೆಬ್ರುವರಿಯಲ್ಲಿ ಇದೇ ಪಟ್ಟಣದಲ್ಲಿ ಜನ ಧರಣಿ ಕುಳಿತರು, ಮೇಧಾ ಪಾಟ್ಕರ್, ಎಸ್. ಆರ್. ಹಿರೇಮಠರು ಬಂದು ಜೊತೆಗೆ ಕುಳಿತರು. ಅದೇ ಏಪ್ರಿಲಿನಲ್ಲಿ ಹಳೆಯ ಆಜ್ಞೆ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಮಠಗಳ ವಿಷಯದಲ್ಲಿ ನಮ್ಮ ಪಕ್ಷಕ್ಕೆ ಇರುವ ಅಭಿಪ್ರಾಯ ವಾಚಕರಿಗೆ ಹೊಸದಲ್ಲ. ಆದರೆ ಆ ಹೋರಾಟದಲ್ಲಿ ಸಮಾಜವಾದಿಗಳು ಮಾಡಬೇಕಾಗಿದ್ದ ಕೆಲಸವನ್ನು ಒಬ್ಬ ಮಠಾಧಿಪತಿ ಮಾಡಿದರೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾದದ್ದು ನಾವು ಆಗ ಮಜೂರಿ, ಬೋನಸ್ಸು, ಪಡಿತರ ಚೀಟಿಗಳ ಆಚೆಗೆ ನೋಡದೆ ಹೋದದ್ದಕ್ಕೆ. ನೀರಿನ ಪ್ರಶ್ನೆಯನ್ನು ನಾವು ನಳದ ಬಾಯಿಯ ತನಕ ಮಾತ್ರ ಕಂಡೆವು.

“ಧಾಮವೆಂದು ಸಾರಿಯಾಯಿತಲ್ಲ, ಇನ್ನೇನು ಗದ್ದಲ?” ಎನ್ನುವವರಿಗೆ ನಮ್ಮ ಉತ್ತರವಿದು. ಧಾಮದ ಗೆರೆಯನ್ನು ಎಳೆದದ್ದು ಕಾಡು ಮತ್ತು ಮೃಗಗಳಿಗಾಗಿ. ನೀರು ಇಂಗುವ ಗರಸಿನ ಪಟ್ಟಿಯ ಬಹುಭಾಗ ಆ ಗೆರೆಯ ಹೊರಗೆ ಬುಡದಲ್ಲಿದೆ. ತೋಳ, ಕತ್ತೆಕಿರುಬಗಳನ್ನು ಒಳಗೆ ಕಾಪಾಡಿ, ಗೆರೆ ದಾಟಿದೊಡನೆ ಕಲ್ಲು ಒಡೆಯಲು ಇಜಾರೆ ಕೊಟ್ಟರೆ ಗುಡ್ಡದ ತಲೆಗೆ ಪೇಟ ಸುತ್ತಿ ಕಾಲು ಕಡಿದಂತೆ. ಅದಕ್ಕಾಗಿ ಬೇಕಾದದ್ದು ಬುಡದ ಪಟ್ಟಿಯ ನಕಾಶೆ. ಯಾವ ಹಳ್ಳ ಎಲ್ಲಿ ಇಂಗುತ್ತದೆ, ಅದರ ಕೆಳಗೆ ಯಾವ ಊರಿನ ಯಾವ ಬಾವಿಗಳಿವೆ ಎಂಬುದನ್ನು ಸರ್ವೆ ನಂಬರು ಸಹಿತ ಬರೆದು ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಆ ನಂಬರುಗಳಲ್ಲಿ ಗಣಿಗೂ ಕಲ್ಲುಪುಡಿ ಯಂತ್ರಕ್ಕೂ ನಿವೇಶನಕ್ಕೂ ಪರವಾನಗಿ ಕೊಡುವುದು ನಿಲ್ಲಬೇಕು.

ಇನ್ನು ಬಯಲಿಗೆ ಬರೋಣ. ಇಲ್ಲಿ ನಡೆದಿರುವುದು ಶುದ್ಧ ವರ್ಗಹೋರಾಟ, ಆದರೆ ನೆಲದೊಳಗೆ ನಡೆದಿರುವುದರಿಂದ ಯಾರ ಕಣ್ಣಿಗೂ ಕಾಣುತ್ತಿಲ್ಲ. ತೆರೆದ ಬಾವಿ ಇದ್ದ ಕಾಲದಲ್ಲಿ ನೀರಿನ ಮಟ್ಟ ಎಲ್ಲರಿಗೂ ಒಂದೇ. ಕೊಳವೆ ಬಾವಿ ಬಂದಿತು. ನೂರು ಅಡಿ ಇದ್ದವನ ನೀರನ್ನು ಮುನ್ನೂರು ಅಡಿಯವನು ಎಳೆದ, ಮುನ್ನೂರರವನದನ್ನು ಆರುನೂರು ಅಡಿಯವನು ಎಳೆದ. ಹಣವಿದ್ದವನ ಕೊಳವೆ ಉದ್ದ, ಉದ್ದ ಕೊಳವೆಯವನಿಗೆ ನೀರು. ನಡುವೆ ಸಾಲ ತೆಗೆದು ಕೊರೆಸಿ ಬರೀ ಧೂಳು ಕಂಡವನ ಹೆಂಡತಿಯ ತಾಳಿ ಸಹಕಾರಿ ಬ್ಯಾಂಕಿನ ಕಪಾಟಿನಲ್ಲಿ. ಅಷ್ಟು ಆಳದ ನೀರಾದರೂ ಎಂಥದು? ಬಹುಕಾಲ ಕಲ್ಲಿನ ಸೀಳಿನಲ್ಲಿ ಕುಳಿತು ಕಲ್ಲಿನ ಅಂಶವನ್ನು ಕರಗಿಸಿಕೊಂಡ ನೀರು. ಮುಂಡರಗಿಯ ಕಡೆಯ ಊರುಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದವರಿಗೆ ಫ್ಲೋರೈಡ್ ಎಂಬ ಶಬ್ದವನ್ನು ವಿವರಿಸಬೇಕಿಲ್ಲ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಅದು ಇರಬಾರದೆಂದು ಸರಕಾರದ ನಿಯಮವಿದೆ. ಮೇಲಿನಿಂದ ಹೊಸ ಮಳೆನೀರು ಇಳಿದು ಬೆರೆತರೆ ಆ ವಿಷ ತೆಳುವಾಗುತ್ತದೆ. ಇಳಿಯುವ ದಾರಿಯನ್ನು ಮುಚ್ಚಿ, ಶುದ್ಧೀಕರಣ ಯಂತ್ರಕ್ಕೆ ನಾಣ್ಯ ಹಾಕಿ ನೀರು ಕೊಳ್ಳಿರೆಂದು ಹೇಳುವುದು ನಮ್ಮ ಕಾಲದ ಸುಧಾರಣೆ.

ಇದರ ಹಿಂದೆ ಒಂದು ಕಾಯಿದೆ ಇದೆ. ಬ್ರಿಟಿಷರು 1882ರಲ್ಲಿ ಮಾಡಿದ ಈಸ್‌ಮೆಂಟ್ ಕಾಯಿದೆಯ ಪ್ರಕಾರ ನೆಲದ ಒಡೆಯನಿಗೆ ತನ್ನ ನೆಲದ ಕೆಳಗೆ ಕಾಲುವೆಯಾಗಿ ಹರಿಯದ ನೀರನ್ನೆಲ್ಲ ತೆಗೆದುಕೊಳ್ಳುವ ಹಕ್ಕಿದೆ. ಎಂಥ ನ್ಯಾಯ ನೋಡಿರಿ! ಮಳೆ ಬೀಳುವುದು ಸರ್ವರ ಗುಡ್ಡದ ಮೇಲೆ. ಹರಿಯುವುದು ಸರ್ವರ ಹಳ್ಳದಲ್ಲಿ. ಸರಿದು ಬರುವುದು ನೂರು ಜನರ ಹೊಲದ ಕೆಳಗೆ. ಒಬ್ಬ ಧನಿಕನ ಹೊಲದ ಕೆಳಗೆ ಬಂದೊಡನೆ ಅದು ಅವನ ಸ್ವಂತ ಆಸ್ತಿ. ಅವನು ಅದನ್ನು ಟ್ಯಾಂಕರಿಗೆ ತುಂಬಿ ನಿಮ್ಮ ಓಣಿಗೆ ತಂದು ಮಾರುತ್ತಾನೆ. ನಿಮ್ಮ ಗುಡ್ಡದ ನೀರನ್ನು ನೀವೇ ರೊಕ್ಕ ಕೊಟ್ಟು ಕೊಳ್ಳುತ್ತೀರಿ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆ ಬಂದು, ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆ ಬಾವಿ ಕೊರೆಯಬಾರದೆಂದು ಹೇಳಿತು. ಕಾಗದದ ಮೇಲೆ ಒಳ್ಳೆಯ ಮಾತು. ರಾತ್ರಿ ಹೊತ್ತು ಕೊರೆಯುವ ಲಾರಿಯ ಸಪ್ಪಳ ಕೇಳಿ ನಿದ್ದೆಗೆಟ್ಟವರು ಮಾತ್ರ ಆ ಕಾಯಿದೆಯ ಬಲವನ್ನು ಬಲ್ಲರು. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಿಯ ಒಡೆತನದ ಪ್ರಶ್ನೆ ಎತ್ತಿದಾಗ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಭೂಮಿಯ ಮೇಲಿನ ಒಡೆತನದ ಪ್ರಶ್ನೆ ಎತ್ತಿದ ಪಕ್ಷ ಭೂಮಿಯ ಕೆಳಗಿನ ಒಡೆತನದ ಪ್ರಶ್ನೆಯನ್ನು ಎತ್ತದೆ ಬಿಟ್ಟರೆ ಇತಿಹಾಸ ನಗುತ್ತದೆ.

“ಹೊಳೆಯ ನೀರು ಇದೆಯಲ್ಲ” ಎಂಬುದು ಕೊನೆಯ ಆಕ್ಷೇಪಣೆ. ಇದೆ. ತುಂಗಭದ್ರೆಯ ಹಮ್ಮಿಗಿಯಿಂದ ನೀರೆತ್ತಿ ಅವಳಿ ನಗರಕ್ಕೆ ತರುತ್ತಾರೆ. ಇಪ್ಪತ್ನಾಲ್ಕು ತಾಸು ನೀರು ಕೊಡುತ್ತೇವೆಂದು ದೊಡ್ಡ ಅಕ್ಷರದ ಫಲಕಗಳನ್ನೂ ಹಾಕಿದ್ದರು. ಹೊಳೆಯ ನೀರು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೊಳವೆ ಒಡೆದ ದಿನ, ವಿದ್ಯುತ್ತು ಹೋದ ದಿನ, ಬೇಸಿಗೆಯಲ್ಲಿ ಹೊಳೆ ತಳ ಕಂಡ ದಿನ, ಓಣಿಯ ಬಾವಿಯಲ್ಲಿ ನೀರಿದ್ದವನು ಯಾರ ಮನೆಯ ಬಾಗಿಲಿಗೂ ಹೋಗಬೇಕಿಲ್ಲ. ಬಾವಿ ಇದ್ದ ಓಣಿಯ ಮುಂದೆ ಟ್ಯಾಂಕರಿನವನ ದರ ಏರುವುದಿಲ್ಲ. ಭೀಷ್ಮ ಕೆರೆಯ ದಂಡೆಗೆ ಬಂದು 116 ಅಡಿಯ ಬಸವಣ್ಣನವರ ಮೂರ್ತಿಯನ್ನು ತಲೆಯೆತ್ತಿ ನೋಡುವವರು ಒಮ್ಮೆ ತಲೆ ತಗ್ಗಿಸಿ, ಈ ಕೆರೆಗೆ ನೀರು ಬರುವ ಹಳ್ಳಗಳು ಎಲ್ಲಿ ಹೋದವು ಎಂದೂ ಕೇಳಬೇಕು.

ಆಗದ ಕೆಲಸವನ್ನು ನಾವು ಹೇಳುತ್ತಿಲ್ಲ. ಮಹಾರಾಷ್ಟ್ರದ ಅಹಮದನಗರ ಜಿಲ್ಲೆಯಲ್ಲಿ (2024ರಲ್ಲಿ ಅದಕ್ಕೆ ಅಹಿಲ್ಯಾನಗರವೆಂದು ಹೆಸರಿಟ್ಟರು) ಹಿವರೆ ಬಜಾರ ಎಂಬ ಊರಿದೆ. ಸುತ್ತ ಬೋಳು ಗುಡ್ಡ, ಮಳೆ ನಮ್ಮದಕ್ಕಿಂತಲೂ ಕಡಿಮೆ. ಜನ ಊರು ಬಿಟ್ಟು ಕೂಲಿಗೆ ಹೋಗುತ್ತಿದ್ದರು. ಪೋಪಟರಾವ್ ಪವಾರರು ಸರಪಂಚರಾದ ಮೇಲೆ 1990ರ ದಶಕದಲ್ಲಿ ಆ ಊರಿನವರು ಗುಡ್ಡದ ಮೈಗೆ ಅಡ್ಡಡ್ಡಲಾಗಿ ಸಮಪಾತಳಿಯ ಕಂದಕ ತೋಡಿದರು, ಗಿಡ ನೆಟ್ಟರು, ಹಳ್ಳಗಳಿಗೆ ಒಡ್ಡು ಹಾಕಿದರು. ಇಷ್ಟನ್ನು ಎಷ್ಟೋ ಊರುಗಳು ಮಾಡಿವೆ. ಹಿವರೆ ಬಜಾರದವರು ಮುಂದೆ ಮಾಡಿದ್ದೇ ದೊಡ್ಡದು. ನೀರಾವರಿಗಾಗಿ ಕೊಳವೆ ಬಾವಿ ಕೊರೆಯಬಾರದೆಂದೂ ಕಬ್ಬು ಬೆಳೆಯಬಾರದೆಂದೂ ಗ್ರಾಮಸಭೆಯಲ್ಲಿ ಠರಾವು ಮಾಡಿದರು. ವರ್ಷದ ಮಳೆ ಅಳೆದು, ಬಾವಿಯ ನೀರು ಅಳೆದು, ಕುಡಿಯಲು ಎಷ್ಟು, ದನಗಳಿಗೆ ಎಷ್ಟು, ಆಮೇಲೆ ಬೆಳೆಗೆ ಎಷ್ಟು ಎಂದು ಊರೆಲ್ಲ ಕೂಡಿ ಗೊತ್ತುಮಾಡುತ್ತಾರೆ. ಬಾವಿಗಳು ತುಂಬಿದವು, ಬಿಟ್ಟು ಹೋದವರು ಮರಳಿದರು. ಇದನ್ನು ಅವರು ಸಮಾಜವಾದವೆಂದು ಕರೆಯುವುದಿಲ್ಲ. ಕರೆಯದಿದ್ದರೂ ಅದು ಅದೇ.

ನಮ್ಮ ಪಕ್ಷದ ಜಿಲ್ಲಾ ಘಟಕ ನಗರಸಭೆಗೂ ಜಿಲ್ಲಾಧಿಕಾರಿಗಳಿಗೂ ಮನವಿ ಸಿದ್ಧಪಡಿಸುತ್ತಿದೆ. ಬುಡದ ಪಟ್ಟಿಯ ನಕಾಶೆಯ ಬೇಡಿಕೆ ಅದರಲ್ಲಿ ಮೊದಲನೆಯದು. ಟ್ಯಾಂಕರಿನ ನೀರು ಯಾವ ಕೊಳವೆ ಬಾವಿಯಿಂದ ಬಂದಿತೆಂಬುದನ್ನು ಟ್ಯಾಂಕರಿನ ಮೈಮೇಲೆ ಬರೆಯಿಸಬೇಕು, ದರವನ್ನು ನಗರಸಭೆಯೆ ಗೊತ್ತುಮಾಡಬೇಕು. ಡಂಬಳದ ಹಳೆಯ ದೊಡ್ಡ ಕೆರೆಯಂಥ ಕೆರೆಗಳ ಹೂಳನ್ನೂ ಹಳ್ಳಗಳ ಒಡ್ಡುಗಳನ್ನೂ ಯಂತ್ರದ ಗುತ್ತಿಗೆದಾರನಿಗೆ ಕೊಡದೆ ಬೇಸಿಗೆಯಲ್ಲಿ ಕೆಲಸವಿಲ್ಲದ ಕೈಗಳಿಗೆ ಕೂಲಿಯಾಗಿ ಕೊಡಬೇಕು. ಆದರೆ ಮನವಿಗೆ ಅಂಕಿ ಬೇಕು. ಅಂಕಿ ಇಲ್ಲದ ಅರ್ಜಿಯನ್ನು ಸಾಹೇಬರು ಪೇಪರ್‌ವೇಟಿನ ಕೆಳಗೆ ಇಟ್ಟು ಮರೆಯುತ್ತಾರೆ.

ಆ ಅಂಕಿಯನ್ನು ನೀವು ಕೊಡಬೇಕು. ನಿಮ್ಮ ಓಣಿಯಲ್ಲಿ, ಚಾಳದಲ್ಲಿ, ನಿಮ್ಮ ಹಳ್ಳಿಯ ಮನೆಯ ಹಿತ್ತಲಲ್ಲಿ ತೆರೆದ ಬಾವಿ ಇದ್ದರೆ ಒಂದು ಹುರಿಯ ತುದಿಗೆ ಕಲ್ಲು ಕಟ್ಟಿ ಇಳಿಬಿಡಿರಿ. ಕಲ್ಲು ನೀರು ಮುಟ್ಟಿದಾಗ ಹುರಿಗೆ ಗಂಟು ಹಾಕಿ, ಮೇಲೆತ್ತಿ ಅಡಿಯ ಲೆಕ್ಕದಲ್ಲಿ ಅಳೆಯಿರಿ. ದಿನಾಂಕ, ಓಣಿಯ ಹೆಸರು, ಅಡಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಅದರಲ್ಲಿಯೂ ಗುಡ್ಡದ ಕಡೆ ದೊಡ್ಡ ಮಳೆಯಾದ ಮೇಲೆ ತಪ್ಪದೆ ಅಳೆಯಿರಿ. ಓದು ಬರದವರು ಗಂಟು ಹಾಕಿದ ಹುರಿಯನ್ನೆ ತಂದುಕೊಡಲಿ, ಕಚೇರಿಯಲ್ಲಿ ನಾವು ಅಳೆದು ಬರೆದುಕೊಳ್ಳುತ್ತೇವೆ. ಮೊದಲ ಚೀಟಿ ಆ ಚಹದಂಗಡಿಯವರಿಂದಲೇ ಬಂದಿದೆ. ಅವರ ಹಿತ್ತಲ ಬಾವಿ ನಲವತ್ತೊಂದು ಅಡಿ.